ಪಂಪ್‌ಮನೇಲಿ ಕೂತಿರೋ ತಾತನ ಇಂಜಿನ್ ಮತ್ತೆ ಓಡ್ಸೋದು ಹೇಗೆ? ಬೇಸಾಯಾನೂ ಕೆಡಬಾರ್ದು!

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹಳೇ ಪಂಪ್‌ಮನೆಗಳಲ್ಲಿ, ಇಲ್ಲಾ ಬಿದ್ದೋಗಿರೋ ಆಲೆಮನೆ ಮೂಲೇಲಿ ಈಗ್ಲೂ ಒಂದು ಇಂಜಿನ್ ಕೂತಿರುತ್ತೆ. ಎಡಕ್ಕೊಂದು ಬಲಕ್ಕೊಂದು ದೊಡ್ಡ ಚಕ್ರ, ನಡುವೆ ನೆಟ್ಟಗೆ ನಿಂತಿರೋ ಒಂದೇ ಸಿಲಿಂಡರ್, ಗೋಡೆಗೆ ಒರಗಿಸಿರೋ ತುಕ್ಕು ಹಿಡಿದ ಹ್ಯಾಂಡ್ಲು. ಲಿಸ್ಟರ್ ಜಾತಿ ಇಂಜಿನ್ ಇದು. ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಲ್ಲಿ 1930ರ ಸುಮಾರಿಗೆ ಶುರುವಾದ ಡಿಸೈನು, ಆಮೇಲೆ ನಮ್ಮ ರಾಜ್‌ಕೋಟ್‌ನವರು ಅದೇ ಅಳತೆಗೆ ಎರಕ ಹೊಯ್ದು ದೇಶಕ್ಕೆಲ್ಲಾ ಕಳಿಸಿದ್ರು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯ್ತು ನಿಜ, ಆದ್ರೆ ಪಕ್ಕದ ಹಳ್ಳಿ ಬಾವಿಗಳಿಗೆ ಅದು ಬರೋಕೆ ಎಷ್ಟೋ ದಶಕ ಬೇಕಾಯ್ತು, ಅಲ್ಲೀವರ್ಗೂ ನೀರೆತ್ತಿದ್ದು, ಗಾಣ ತಿರುಗ್ಸಿದ್ದು ಇಂಥವೇ.

ಇದನ್ನ ರಿಪೇರಿ ಮಾಡೋದು ದೊಡ್ಡ ವಿದ್ಯೆ ಅಲ್ಲ ಕಣ್ರಿ. ಕಂಪ್ಯೂಟರ್ ಇಲ್ಲ, ವೈರಿಂಗ್ ಇಲ್ಲ, ಬ್ಯಾಟ್ರಿ ಕೂಡ ಇಲ್ಲ. ಕೆಡೋದು ಟೈಮ್ ವಿಷ್ಯದಲ್ಲಿ. ಒಂದು ಭಾನುವಾರ ಉತ್ಸಾಹದಲ್ಲಿ ಪೂರ್ತಿ ಬಿಚ್ಚಿ ಗೋಣಿಚೀಲದ ಮೇಲೆ ಹರಡ್ತಾರೆ, ಸೋಮವಾರ ನಾಲೆ ನೀರು ಬರುತ್ತೆ, ಬುಧವಾರ ಕಬ್ಬು ಕಡಿಯೋರು ಬರ್ತಾರೆ, ಆಮೇಲೆ ಹಸು ಕರು ಹಾಕುತ್ತೆ, ಮೂರು ತಿಂಗಳು ಕಳೆದ ಮೇಲೆ ನೋಡಿದ್ರೆ ಅರ್ಧ ನಟ್ಟು ಕಾಣಲ್ಲ, ಕೊನೆಗೆ ಗುಜರಿಯವನಿಗೆ ಕೆಜಿ ಲೆಕ್ಕ. ಅದಕ್ಕೇ ನನ್ನ ಪ್ರಕಾರ ರೂಲು ಒಂದೇ, ಇವತ್ತು ಸಂಜೆ ಮುಚ್ಚೋಕಾಗೋಷ್ಟು ಮಾತ್ರ ಇವತ್ತು ಬೆಳಿಗ್ಗೆ ಬಿಚ್ಚಿ. ಕೆಳಗೆ ಹೇಳಿರೋ ಒಂದೊಂದು ಹಂತಾನೂ ಹಂಗೇ ತುಂಡು ಮಾಡಿರೋದು, ಯಾವ ಹಂತ ಮುಗಿಸಿ ಬಿಟ್ಟೋದ್ರೂ ಇಂಜಿನ್ ಅಲ್ಲೇ ಸೇಫಾಗಿ ಕಾಯ್ತಿರುತ್ತೆ.

ಟೈಮ್ ಹುಡುಕೋದು

ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಕಟ್ಟು ಪದ್ಧತೀಲಿ, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ಲೆಕ್ಕದಲ್ಲಿ, ನೀರು ಬಿಟ್ಟಾಗ ಮನೇಲಿ ಯಾರಿಗೂ ಬಿಡುವಿಲ್ಲ, ನಿಲ್ಲಿಸಿದಾಗ ಸ್ವಲ್ಪ ಉಸಿರಾಡ್ಬೋದು. ಗದ್ದೆಯವರಿಗೆ ನಾಟಿ ಮುಗಿದು ಮೊದಲ ಕಳೆ ಬರೋದ್ರೊಳಗೆ ಒಂದಿಷ್ಟು ದಿನ ಸಿಗುತ್ತೆ. ರೇಷ್ಮೆ ಇರೋರಿಗೆ ಲೆಕ್ಕ ಇನ್ನೂ ಸುಲಭ, ಗೂಡು ಮಾರ್ಕೆಟ್ಟಿಗೆ ಹೋಗಿ, ಹುಳು ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಚಾಕಿ (ಮರಿ ಹುಳು) ಬರೋವರೆಗೂ ಇರೋ ಗ್ಯಾಪಲ್ಲಿ ದೊಡ್ಡ ಕೆಲಸ ಇಟ್ಕೊಳ್ಳಿ. ನಾಲ್ಕನೇ ಜ್ವರ (ಹುಳು ಪೊರೆ ಬಿಡೋ ಹೊತ್ತು) ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟೋ ಚಂದ್ರಿಕೆಗೆ ಹೋಗೋವರೆಗೂ ಸ್ಪ್ಯಾನರ್ ಮುಟ್ಟೋಕೇ ಹೋಗ್ಬೇಡಿ. ಪುರುಸೊತ್ತು ಇಲ್ಲ ಅನ್ನೋದು ಒಂದು ಕಾರಣ, ಹುಳಕ್ಕೆ ವಾಸನೆ ಆಗಲ್ಲ ಅನ್ನೋದು ಅದಕ್ಕಿಂತ ದೊಡ್ಡ ಕಾರಣ. ಡೀಸೆಲ್ ಕೈಯಲ್ಲಿ ಸೊಪ್ಪು ಕೊಯ್ದು ಹಾಕಿದ್ರೆ ಹುಳು ಸೊಪ್ಪು ಬಿಡುತ್ತೆ. ಇಂಜಿನ್ ಕೆಲಸದ ಬಟ್ಟೆ ಬೇರೆ ಇರ್ಲಿ, ಸ್ನಾನ ಮಾಡ್ದೆ ಹುಳು ಮನೆ ಬಾಗಿಲು ತೆಗೀಬೇಡಿ.

ಜಾಗಾನೂ ಯೋಚ್ನೆ ಮಾಡ್ಬೇಕು. ಕೊಟ್ಟಿಗೆ ಬೇಡ, ಗಂಜಲದ ಗಾಳಿಗೆ ತೊಳೆದಿಟ್ಟ ಕಬ್ಬಿಣಕ್ಕೆ ಬೇಗ ತುಕ್ಕು ಹತ್ತುತ್ತೆ. ಇಂಜಿನ್ ಈಗಿರೋ ಜಾಗದಲ್ಲೇ ತಲೆ ಮೇಲೆ ನಾಲ್ಕು ಶೀಟು ಹಾಕೋಕಾದ್ರೆ ಅದೇ ಬೆಸ್ಟು, ಯಾಕಂದ್ರೆ ಇದು 300 ಕೆಜಿ ಮೇಲಿರೋ ಸಾಮಾನು. ಸಾಗಿಸಲೇಬೇಕು ಅಂದ್ರೆ ಚೈನ್ ಪುಲ್ಲಿ ತಂದು, ಟ್ರೈಲರ್ ಮೇಲೆ ಅಡ್ಡ ದಿಮ್ಮಿ ಹಾಕಿ ಇಳಿಸಿ. ಹುಡುಗರು ನಾಲ್ಕು ಜನ ಸೇರಿ ಎತ್ತುತೀವಿ ಅಂತಾರೆ, ಬಿಡಬೇಡಿ.

ಬಿಚ್ಚೋಕೆ ಮುಂಚೆ

ಮೊದ್ಲು ಪ್ಲೇಟ್ ಹುಡುಕಿ. ಮಣ್ಣು, ಗ್ರೀಸು ಕೆರೆದ್ರೆ ಹಿತ್ತಾಳೆದೋ ತಗಡಿಂದೋ ಒಂದು ಪಟ್ಟಿ ಸಿಗುತ್ತೆ, ಎಚ್‌ಪಿ ಎಷ್ಟು, ಎಷ್ಟು ಸುತ್ತು ಅಂತ ಅದ್ರಲ್ಲಿರುತ್ತೆ. ಮೂಲ ಲಿಸ್ಟರ್ 5 ಎಚ್‌ಪಿದು ನಿಮಿಷಕ್ಕೆ 600 ಸುತ್ತು, 6 ಎಚ್‌ಪಿದು 650. ನಮ್ಮ ದೇಶದ ಕಾಪಿಗಳಲ್ಲಿ 850, 1000 ಸುತ್ತಿನವೂ ಇವೆ. ಈ ನಂಬರ್ ಬರೆದಿಟ್ಕೊಳ್ಳಿ, ಕೊನೇಲಿ ಸ್ಪೀಡ್ ಸೆಟ್ ಮಾಡುವಾಗ ಬೇಕಾಗುತ್ತೆ. ಪ್ಲೇಟಿಗೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ರೆ ಅಕ್ಷರಾನೇ ಹೋಗುತ್ತೆ, ಸೀಮೆಎಣ್ಣೆ ಇಲ್ಲಾ ಡೀಸೆಲ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿ ಸಾಕು.

ಆಮೇಲೆ ಎಲ್ಲಾ ಕಡೆಯಿಂದ ಮೊಬೈಲಲ್ಲಿ ಫೋಟೋ. ಪೈಪು ಯಾವ್ದು ಎಲ್ಲಿಗೆ ಹೋಗಿದೆ, ಗವರ್ನರ್ (ಸ್ಪೀಡ್ ಹತೋಟೀಲಿಡೋ ಭಾಗ) ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿಸಿದೆ, ಇಂಥದ್ದೇ ಮರೆತೋಗೋದು. ಮನೇಲಿ ವಯಸ್ಸಾದೋರಿದ್ರೆ ಒಂದ್ಸಲ ಕರ್ಕೊಂಡ್ಬಂದು ಪಕ್ಕದಲ್ಲಿ ಕೂರ್ಸಿ ಕೇಳಿ. "ಲೋ, ಆ ವಾಷರ್ ನಿಮ್ ತಾತ ಬೇಕೂಂತ್ಲೇ ಹಾಕಿದ್ದು, ತೆಗೀಬೇಡ" ಅನ್ನೋ ಮಾತು ಯಾವ ಮ್ಯಾನ್ಯುಅಲ್‌ನಲ್ಲೂ ಸಿಗಲ್ಲ.

ಸ್ಪ್ಯಾನರ್ ವಿಷ್ಯ. ಈ ಇಂಜಿನ್ನಿನ ನಟ್ಟು ಬೋಲ್ಟು ಹೆಚ್ಚಾಗಿ ಹಳೇ ಇಂಗ್ಲಿಷ್ ಅಳತೆ, ವಿಟ್‌ವರ್ತ್ ಅಂತಾರೆ. ಟ್ರ್ಯಾಕ್ಟರ್ ಟೂಲ್‌ಬಾಕ್ಸಿನ ಮಿಲಿಮೀಟರ್ ಸ್ಪ್ಯಾನರ್ ಕೂತಂಗೆ ಕೂತು ಜಾರಿ ಮೂಲೆ ಸವೆಸುತ್ತೆ. ಹಳೇ ಸೆಟ್ ಒಂದು ಹುಡುಕಿ, ಬೆಂಗಳೂರು ಎಸ್.ಜೆ.ಪಿ. ರೋಡಲ್ಲಿ ಸುತ್ತಿದ್ರೆ ಸಿಗುತ್ತೆ, ಇಲ್ಲಾ ಊರ ಹಳೇ ಮೇಸ್ತ್ರಿ ಹತ್ರ ಇದ್ದೇ ಇರುತ್ತೆ.

ಜಾಮ್ ಆಗಿದ್ಯಾ, ತಿರುಗುತ್ತಾ?

ಚಕ್ರ ಹಿಡಿದು ಎಳೆಯೋಕೆ ಮುಂಚೆ ಸಿಲಿಂಡರ್ ಒಳಕ್ಕೆ ಡೀಸೆಲ್ ಚಿಮುಕ್ಸೋ ನಾಜಲ್ ಬಿಚ್ಚಿ ಆ ತೂತಿಂದ ಎರಡು ಚಮಚ ಇಂಜಿನ್ ಆಯಿಲ್ ಬಿಡಿ, ಒಂದು ರಾತ್ರಿ ಬಿಟ್ಟು ನಿಧಾನಕ್ಕೆ ತಿರುಗ್ಸಿ. ತಿರುಗಿದ್ರೆ ಅದೃಷ್ಟ. ನಾಜಲ್ ವಾಪಸ್ ಹಾಕಿ, ಚಕ್ರಾನ ಕಂಪ್ರೆಷನ್‌ಗೆ (ಒಳಗಿನ ಗಾಳಿ ಅದುಮಿ ಚಕ್ರ ಬಿಗಿಯಾಗೋ ಜಾಗಕ್ಕೆ) ತಂದು ಒತ್ತಿ ಬಿಡಿ, ಚೆಂಡಿನ ತರ ವಾಪಸ್ ಪುಟಿದ್ರೆ ರಿಂಗು, ವಾಲ್ವು ಇನ್ನೂ ಜೀವಂತ ಇದೆ ಅಂತ ಅರ್ಥ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚೋ ಕೆಲಸಾನೇ ಮುಂದಕ್ಕೆ ಹಾಕ್ಬೋದು. ಪುಸ್ಸ್ ಅಂತ ಸೋರಿದ್ರೆ ಎಲ್ಲಿಂದ ಅಂತ ಕಿವಿ ಕೊಡಿ, ಸೈಲೆನ್ಸರ್ ಕಡೆ ಬಂದ್ರೆ ಎಕ್ಸಾಸ್ಟ್ ವಾಲ್ವು, ಏರ್ ಫಿಲ್ಟರ್ ಕಡೆ ಬಂದ್ರೆ ಇನ್‌ಲೆಟ್ಟು, ಕೆಳಗಿನ ಚೇಂಬರಿಂದ ಬಂದ್ರೆ ರಿಂಗು.

ಜಾಮ್ ಆಗಿದ್ರೆ ಹೆಡ್ ತೆಗೀಲೇಬೇಕು. ಪಿಸ್ಟನ್ ಮೇಲೆ ಡೀಸೆಲ್ಲು, ಗೇರ್ ಆಯಿಲ್‌ಗಿಂತ ತೆಳ್ಳಗಿರೋ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ) ಆಯಿಲು ಮಿಕ್ಸ್ ಮಾಡಿ ತುಂಬಿಸಿ, ಧೂಳು ಬೀಳ್ದಂಗೆ ಮುಚ್ಚಿ, ಬಿಟ್ಬಿಡಿ. ಇಲ್ಲಿ ಬೇಸಾಯಗಾರನಿಗೆ ಲಾಭ ಇದೆ, ಪುರುಸೊತ್ತಿಲ್ದೇ ಇರೋದೇ ಒಳ್ಳೇದು. ನೀವು ಕಳೆ ತೆಗೆಸ್ತಾ ಇರಿ, ಎಣ್ಣೆ ತನ್ನ ಕೆಲಸ ತಾನು ಮಾಡ್ತಿರುತ್ತೆ. ದಿನಾ ಹಾಲು ಹಾಕೋಕೆ ಹೋಗೋವಾಗ ಒಂದ್ಸಲ ಚಕ್ರಾನ ಹಿಂದೆ ಮುಂದೆ ಅಲ್ಲಾಡಿಸಿ. ವಾರ ಆದ್ರೂ ಬಿಡ್ಲಿಲ್ಲಾಂದ್ರೆ ಪಿಸ್ಟನ್ ಮೇಲೆ ಅದೇ ಸೈಜಿನ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಸುತ್ತಿಗೇಲಿ ಚಕ್ರದ ಅರಕ್ಕೆ ಹೊಡೆಯೋದು ಮಾತ್ರ ಬೇಡವೇ ಬೇಡ. ಅದು ಬೀಡು. ಬಗ್ಗಲ್ಲ, ಸೀಳುತ್ತೆ. ಕಣ್ಣಿಗೆ ಕಾಣ್ದಿರೋ ಸೀಳು ಬಿಟ್ಟ ಚಕ್ರ 650 ಸುತ್ತಲ್ಲಿ ಒಡೆದ್ರೆ ಪಂಪ್‌ಮನೆ ಗೋಡೆ ಉಳಿಯಲ್ಲ.

ಚಕ್ರ ಬಿಚ್ಚೋ ಹುಮ್ಮಸ್ಸೂ ಎಲ್ರಿಗೂ ಬರುತ್ತೆ. ಕ್ರಾಂಕ್ ಬೇರಿಂಗ್ ಲೂಸ್ ಇಲ್ದಿದ್ರೆ ಅದನ್ನ ಮುಟ್ಟೋಕೇ ಹೋಗ್ಬೇಡಿ. ಶಾಫ್ಟಿಗೂ ಚಕ್ರಕ್ಕೂ ನಡುವೆ ಬೆಣೆ ತರ ಹೊಡೆದಿರೋ ಕೀ ಇರುತ್ತಲ್ಲ, ಅದು ಗಟ್ಟಿ ಇದ್ಯಾ ಅಂತ ಮಾತ್ರ ನೋಡಿ. ಓಡುವಾಗ ಟಣ್ ಟಣ್ ಅನ್ನೋ ಸದ್ದನ್ನ ಎಷ್ಟೋ ಜನ ಬೇರಿಂಗ್ ಹೋಗಿದೆ ಅಂತ ಪೂರ್ತಿ ಬಿಚ್ಚಿಸ್ತಾರೆ, ನೋಡಿದ್ರೆ ಕೀ ಸಡಿಲ ಆಗಿರುತ್ತೆ.

ಹೆಡ್ ತೆಗೆದಿದ್ರೆ ರಿಂಗ್ ಚೆಕ್ ಮಾಡಿಬಿಡಿ. ಪಿಸ್ಟನ್ನಿಂದ ಒಂದು ರಿಂಗ್ ಬಿಡಿಸಿ ಲೈನರ್ ಒಳಗೆ ನೇರ ಕೂರ್ಸಿ, ಬಾಯಿ ಎಷ್ಟು ಬಿಟ್ಕೊಂಡಿದೆ ಅಂತ ಫೀಲರ್ ಗೇಜಲ್ಲಿ (ಸಂದಿ ಅಳೆಯೋ ತೆಳು ಪಟ್ಟಿಗಳು) ನೋಡಿ. ಇದರ ಬೋರು ನಾಲ್ಕೂವರೆ ಇಂಚು, ಅಂದ್ರೆ 114 ಮಿ.ಮೀ., ಅದಕ್ಕೆ ಅರ್ಧ ಮಿ.ಮೀ. ಆಸುಪಾಸು ಗ್ಯಾಪ್ ಇದ್ರೆ ಚೆನ್ನಾಗಿದೆ, ಒಂದೂವರೆ ಎರಡು ಅಂದ್ರೆ ಹೊಸದು ಹಾಕ್ಸಿ. ರಾಜ್‌ಕೋಟ್ ಅಳತೆ ಒಂದೇ ಇರೋದ್ರಿಂದ ಲೈನರ್, ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟು ಈಗ್ಲೂ ಸಿಗುತ್ತೆ, ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ. ಹೊಸ ಪಿಸ್ಟನ್ ಹಾಕಿದ್ರೆ ಅದು ಮೇಲೆ ಬಂದಾಗ ಹೆಡ್ಡಿಗೆ ಎಷ್ಟು ಜಾಗ ಬಿಡುತ್ತೆ ನೋಡ್ಬೇಕು. ಸೋಲ್ಡರಿಂಗ್ ಸೀಸದ ತಂತಿ ತುಂಡು ಪಿಸ್ಟನ್ ಮೇಲಿಟ್ಟು ಹೆಡ್ ಟೈಟ್ ಮಾಡಿ ಕೈಯಲ್ಲಿ ಒಂದು ಸುತ್ತು ತಿರುಗ್ಸಿ, ಬಿಚ್ಚಿ ಚಪ್ಪಟೆ ಆದ ತಂತೀನ ಅಳೆದ್ರೆ ಲೆಕ್ಕ ಸಿಕ್ತು, ಹೆಚ್ಚು ಕಮ್ಮಿ ಆದ್ರೆ ಸಿಲಿಂಡರ್ ಕೆಳಗಿನ ಶಿಮ್ (ತೆಳು ತಗಡು) ಹಾಕಿ ತೆಗೆದು ಸರಿ ಮಾಡ್ತಾರೆ.

ಕೆಳಗಿನ ಚೇಂಬರು

ಇದು ಒಂದು ಸಂಜೆ ಕೆಲಸ, ಆದ್ರೆ ನನ್ನ ಲೆಕ್ಕದಲ್ಲಿ ಇಡೀ ರಿಪೇರೀಲಿ ಇದಕ್ಕಿಂತ ಮುಖ್ಯವಾದ್ದಿಲ್ಲ. ಪಕ್ಕದ ಬಾಗಿಲು ಬಿಚ್ಚಿ ಕೈ ಹಾಕಿದ್ರೆ ತಳದಲ್ಲಿ ಕರೀ ಕೆಸರು ಸಿಗುತ್ತೆ. ಅದನ್ನ ಬೆರಳಲ್ಲಿ ತಿಕ್ಕಿ ನೋಡಿ, ಸಣ್ಣಗೆ ಕರಕರ ಅಂದ್ರೆ ಅದು ಎರಕದ ಅಚ್ಚಿನ ಮರಳು. ಫೌಂಡ್ರೀಲಿ ಸರಿಯಾಗಿ ತೊಳೀದೆ ಬಿಟ್ಟಿದ್ದು, ಇಷ್ಟು ವರ್ಷ ಆದ್ರೂ ಗೋಡೆಯಿಂದ ಉದುರ್ತಾನೇ ಇರುತ್ತೆ. ಈ ಇಂಜಿನ್ನಲ್ಲಿ ಕನೆಕ್ಟಿಂಗ್ ರಾಡಿನ ತುದೀಲಿರೋ ಸಣ್ಣ ಕೊಕ್ಕೆ ಆಯಿಲ್ ಚಿಮುಕ್ಸಿ ಬೇರಿಂಗಿಗೆ ಕೊಡೋದು, ಆಯಿಲ್ ಜೊತೆ ಮರಳೂ ಚಿಮ್ಮುತ್ತೆ, ಬೇರಿಂಗ್ ಅರೆದು ಹಾಕುತ್ತೆ. ಡೀಸೆಲ್ ಹಾಕಿ, ವೈರ್‌ಬ್ರಷ್ ಹಾಕಿ, ಬಟ್ಟೇಲಿ ಒರೆಸಿ, ಬಿಳೀ ಬಟ್ಟೇಲಿ ಕಪ್ಪು ಬರೋದು ನಿಲ್ಲೋವರ್ಗೂ ತೊಳೀರಿ. ಒಣಗಿದ ಮೇಲೆ ಹೊಸ 40 ಗ್ರೇಡ್ ಆಯಿಲ್ ಮಾರ್ಕಿನವರ್ಗೂ ಹಾಕಿ ಬಾಗಿಲು ಮುಚ್ಚಿ. ಮೊದಲ ಸಲ ಕೆಲವು ಗಂಟೆ ಓಡ್ಸಿದ ಮೇಲೆ ಆ ಆಯಿಲ್ಲೂ ಚೆಲ್ಲಿ ಹೊಸದು ಹಾಕ್ಬೇಕು, ಜಿಪುಣತನ ಬೇಡ.

ಡೀಸೆಲ್ಲು, ನೀರು

ಟ್ಯಾಂಕಿಗೆ ಒಂದು ಹಿಡಿ ಜಲ್ಲಿಕಲ್ಲು, ಸ್ವಲ್ಪ ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ, ತುಕ್ಕು ಉದುರುತ್ತೆ. ಡೀಸೆಲ್ ಪಂಪು, ನಾಜಲ್ಲಿನ ಒಳಭಾಗಾನ ಮನೇಲಿ ಬಿಚ್ಬೇಡಿ, ಕೂದಲೆಳೆ ಜಾಗ ಇಲ್ದಂಗೆ ಕೂತಿರೋ ಪಾರ್ಟ್ಸ್ ಅವು, ಡೀಸೆಲ್ ಪಂಪ್ ಸರ್ವೀಸ್ ಅಂಗಡಿಗೆ ಕೊಡಿ. ಹೆಚ್ಚಿನವಕ್ಕೆ ಮೈಕೋ ಪಂಪು ಇರುತ್ತೆ, ಬೆಂಗಳೂರಲ್ಲಿ 1951ರಲ್ಲಿ ಶುರುವಾದ ಕಂಪ್ನಿ ಅದು, ಹಂಗಾಗಿ ನಮ್ಮ ಕಡೆ ಅದನ್ನ ಬಲ್ಲ ಕೈಗಳು ಜಾಸ್ತಿ. ನಾಜಲ್ ಸ್ಪ್ರೇ ಟೆಸ್ಟ್ ಮಾಡುವಾಗ ಬೆರಳು ಅಡ್ಡ ಹಿಡೀಬಾರ್ದು, ಆ ಪ್ರೆಷರ್‌ಗೆ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತೆ. ನೋವು ಕಮ್ಮಿ ಅಂತ ಸುಮ್ಮನಿದ್ರೆ ಬೆರಳೇ ಹೋಗ್ಬೋದು, ಹಂಗಾದ್ರೆ ಸೀದಾ ಆಸ್ಪತ್ರೆಗೆ ಹೋಗಿ.

ನೀರಿನ ಜಾಕೆಟ್ ಒಳಗೆ ಬೋರ್‌ವೆಲ್ ನೀರಿನ ಬಿಳೀ ಪದರ ಕಟ್ಟಿರುತ್ತೆ. ಬಿಸಿನೀರಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ತುಂಬಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೀರಿ. ಕಾದ ಇಂಜಿನ್ನಿಗೆ ತಣ್ಣೀರು ಸುರೀಬೇಡಿ, ಹೆಡ್ ಬಿರುಕು ಬಿಡುತ್ತೆ.

ಸ್ಟಾರ್ಟ್ ಮಾಡೋ ದಿನ

ಇಬ್ರು ಇರ್ಬೇಕು, ಮಕ್ಳು ಹತ್ರ ಇರ್ಬಾರ್ದು. ಲುಂಗಿ, ಟವೆಲ್ಲು, ಸೀರೆ ಸೆರಗು ಚಕ್ರದ ಹತ್ರ ಬೇಡ, ಪ್ಯಾಂಟ್ ಹಾಕ್ಕೊಂಡ್ಬನ್ನಿ. ಬೆಲ್ಟ್ ಹಾಕ್ಬೇಡಿ, ಮೊದ್ಲು ಬರೀ ಇಂಜಿನ್ ಓಡ್ಲಿ. ಡೀಸೆಲ್ ಲೈನಿನ ಗಾಳಿ ತೆಗೆದು, ಪಂಪಿನ ಲಿವರ್ ಕೈಯಲ್ಲಿ ಒತ್ತಿದ್ರೆ ನಾಜಲ್ಲಿಂದ ಕಿರ್ರ್ ಅಂತ ಸದ್ದು ಬರ್ಬೇಕು. ಬರ್ದಿದ್ರೆ ಹ್ಯಾಂಡ್ಲು ತಿರುಗ್ಸಿ ಬೆವರು ಸುರ್ಸೋದು ದಂಡ.

ವಾಲ್ವ್ ಎತ್ತೋ ಲಿವರ್ ಮೇಲಿಟ್ಟು, ಹ್ಯಾಂಡ್ಲು ಹಾಕಿ ಹೆಬ್ಬೆರಳನ್ನೂ ಬೇರೆ ಬೆರಳುಗಳ ಕಡೆಗೇ ಇಟ್ಕೊಂಡು ತಿರುಗ್ಸಿ. ಹೆಬ್ಬೆರಳು ಸುತ್ತಿ ಹಿಡಿದ್ರೆ ಇಂಜಿನ್ ಹಿಂದಕ್ಕೆ ಒದ್ದಾಗ ಮುರಿಯೋದು ಅದೇ. ಚಕ್ರ ಒಳ್ಳೇ ಸ್ಪೀಡ್ ತಗೊಂಡ ಮೇಲೆ ಇನ್ನೊಬ್ರು ಲಿವರ್ ಕೆಳಗೆ ಬಿಡ್ಲಿ. ಢಕ್, ಢಕ್, ಆಮೇಲೆ ಹಿಡ್ಕೊಳ್ಳುತ್ತೆ. ಮೊದ್ಲು ಬಿಳೀ ಹೊಗೆ ಬರುತ್ತೆ, ಬಿಸಿ ಆದ್ಮೇಲೆ ನಿಲ್ಲುತ್ತೆ.

ಇನ್ನೊಂದು, ಕೈಗೆ ಸಿಗೋಹಂಗೆ ಒಂದು ಚಪ್ಪಟೆ ಹಲಗೆ ಇಟ್ಕೊಂಡಿರಿ. ಗವರ್ನರ್ ಸಿಕ್ಕಾಕ್ಕೊಂಡು ಸ್ಪೀಡ್ ಏರ್ತಾನೇ ಹೋದ್ರೆ ಡೀಸೆಲ್ ಪಂಪಿನ ರ್‍ಯಾಕನ್ನ (ಡೀಸೆಲ್ ಹೆಚ್ಚು ಕಮ್ಮಿ ಮಾಡೋ ಸರಳು) ಸ್ಟಾಪ್ ಕಡೆ ತಳ್ಳಬೇಕು, ಅದೂ ಕೇಳ್ಲಿಲ್ಲಾಂದ್ರೆ ಏರ್ ಫಿಲ್ಟರ್ ಬಾಯಿಗೆ ಹಲಗೆ ಒತ್ತಬೇಕು. ಕೈ ಒತ್ತಬಾರ್ದು. ಎಲ್ಲಾ ಸರಿ ಇದ್ರೆ ಪ್ಲೇಟಿನ ಮೇಲಿದ್ದ ಸುತ್ತಿಗೆ ಸೆಟ್ ಮಾಡಿ, ಅದಕ್ಕಿಂತ ಜಾಸ್ತಿ ಆಸೆ ಬೇಡ.

ಪೇಂಟ್ ಬಗ್ಗೆ ಎಲ್ರೂ ಮೊದ್ಲೇ ಕೇಳ್ತಾರೆ. ಲಿಸ್ಟರ್ ಬಣ್ಣ ಗಾಢ ಹಸಿರು. ನನಗಂತೂ ಓಡೋ ಇಂಜಿನ್ ಮೇಲೆ ತಾತನ ಕಾಲದ ಮಾಸಿದ ಪೇಂಟೇ ಇರ್ಲಿ ಅನ್ಸುತ್ತೆ, ಎಣ್ಣೆ ಬಟ್ಟೇಲಿ ಒರೆಸಿದ್ರೆ ಸಾಕು. ಹೊಡೀಲೇಬೇಕು ಅಂದ್ರೆ ಒಂದು ತಿಂಗಳು ಓಡ್ಸಿ, ಸೋರೋದೆಲ್ಲಾ ಸೋರಿ ಸರಿ ಮಾಡಿದ ಮೇಲೆ ಹೊಡೀರಿ.

ಕೆಲಸಾನೂ ಕೊಡಿ ಅದಕ್ಕೆ. ಮೂರು ಫೇಸ್ ಕರೆಂಟ್ ಕೈಕೊಟ್ಟಾಗ ಕಟ್ಟೆ ಬಾವಿಯಿಂದ ಸೊಪ್ಪಿನ ತೋಟಕ್ಕೆ ನೀರೆತ್ತೋಕೆ, ಮೇವು ಕತ್ತರಿಸೋಕೆ ಸಾಕು. ಫುಲ್ ಲೋಡಲ್ಲಿ ಗಂಟೆಗೆ ಒಂದು ಲೀಟರ್ ಮೇಲೆ ಡೀಸೆಲ್ ಕುಡಿಯುತ್ತೆ, ಹಂಗಾಗಿ ದಿನಾ ಓಡ್ಸಿ ಲಾಭ ಮಾಡ್ತೀನಿ ಅನ್ನೋ ಲೆಕ್ಕ ಬೇಡ. ಹದಿನೈದು ದಿನಕ್ಕೊಂದ್ಸಲ ಲೋಡ್ ಹಾಕಿ ಓಡ್ಸಿ, ಸುಮ್ನೆ ಖಾಲಿ ಓಡ್ಸಿದ್ರೆ ಅರೆಬರೆ ಉರಿದ ಡೀಸೆಲ್ ಸೈಲೆನ್ಸರಲ್ಲಿ ಜಿಡ್ಡು ಕಟ್ಟುತ್ತೆ. ನಿಲ್ಸಿದ ಮೇಲೆ ಚಕ್ರಾನ ಕೈಯಲ್ಲಿ ತಿರುಗ್ಸಿ ಕಂಪ್ರೆಷನ್ ಮೇಲೆ ತಂದು ಬಿಡಿ, ಆಗ ಎರಡೂ ವಾಲ್ವು ಮುಚ್ಕೊಂಡಿರುತ್ತೆ, ತೇವ ಒಳಗೆ ಹೋಗಲ್ಲ. ಟ್ಯಾಂಕ್ ತುಂಬಿಸಿಡಿ. ಸೈಲೆನ್ಸರ್ ಬಾಯಿಗೆ ಒಂದು ಹಳೇ ಡಬ್ಬ ಬೋರಲು ಹಾಕಿ, ಇಲ್ಲಾಂದ್ರೆ ಮಳೆನೀರು ಇಳಿಯುತ್ತೆ, ಕಣಜ ಗೂಡು ಕಟ್ಟುತ್ತೆ. ಮುಂದಿನ ಸಲ ಸ್ಟಾರ್ಟ್ ಮಾಡೋಕೆ ಮುಂಚೆ ಡಬ್ಬ ತೆಗೀರಿ.