ಕೂದಲೆಳೆ ಕಾಲುವೆಯಲ್ಲಿ ದ್ರವದ ಮಂದತನ ಅಳೆಯುವುದು ಹೇಗೆ?

ಹುಬ್ಬಳ್ಳಿಯ ಗಾಡಿಗಳಲ್ಲಿ ಸಾಸ್ ಬಾಟಲಿ ನೋಡಿರುತ್ತೀರಿ. ಬೋರಲು ಹಿಡಿದರೆ ಸಾಸ್ ಮಿಸುಕುವುದಿಲ್ಲ, ಕುಲುಕಿದರೆ ಒಮ್ಮೆಲೇ ಸುರಿಯುತ್ತದೆ. ಇಂಥ ದ್ರವಕ್ಕೆ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಒಂದೇ ಸಂಖ್ಯೆ ಅಲ್ಲ. ಹರಿಯುವ ವೇಗದ ಜೊತೆ ಅದೂ ಬದಲಾಗುತ್ತದೆ. ಅಳೆಯಲು ಮೈಕ್ರೊಫ್ಲೂಯಿಡಿಕ್ ಚಿಪ್ (ಕೂದಲೆಳೆಯಷ್ಟು ಸಣ್ಣ ಕಾಲುವೆ ಇರುವ ತುಣುಕು), ಸಿರಿಂಜ್ ಪಂಪ್, ಒತ್ತಡ ಅಳೆಯುವ ಸೆನ್ಸರ್ ಮತ್ತು ಕೆಲವೇ ಮಿಲಿಲೀಟರ್ ದ್ರವ ಸಾಕು. ಪಂಪ್ ದ್ರವವನ್ನು ಕಾಲುವೆಯಲ್ಲಿ ತಳ್ಳುತ್ತದೆ; ಕಾಲುವೆಯ ಉದ್ದಕ್ಕೂ ಒತ್ತಡ ಎಷ್ಟು ಇಳಿಯಿತು ಅನ್ನುವುದರಿಂದ ಸ್ನಿಗ್ಧತೆ ಲೆಕ್ಕ ಹಾಕುತ್ತೇವೆ. ಸಾಸನ್ನು ಮಂದ ಮಾಡಲು ಹಾಕುವ ಜಾಂಥನ್ ಗಮ್ಮನ್ನು ನೀರಲ್ಲಿ ಕರಗಿಸಿ ಶುರು ಮಾಡಿ. ಸಾಸನ್ನೇ ಚಿಪ್‌ಗೆ ಹರಿಸಿದರೆ ಅದರ ನಾರು ಸಿಕ್ಕಿಕೊಳ್ಳುತ್ತದೆ.

ಚಿಪ್ ಮಾಡುವುದು ಸುಲಭ. ಪಿಡಿಎಂಎಸ್‌ಗೆ (ಒಂದು ಬಗೆಯ ಪಾರದರ್ಶಕ ಸಿಲಿಕೋನ್ ರಬ್ಬರ್) ಗಟ್ಟಿಯಾಗಿಸುವ ದ್ರವವನ್ನು 10:1ರಲ್ಲಿ ಬೆರೆಸಿ, ಅಚ್ಚಿಗೆ ಸುರಿದು, ಓವನ್‌ನಲ್ಲಿಟ್ಟು, ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಅನಿಲ) ಕೊಟ್ಟು ಗಾಜಿಗೆ ಅಂಟಿಸಿ. ಕಾಲುವೆ 1 ಮಿ.ಮೀ. ಅಗಲ, 50 ಮೈಕ್ರಾನ್ ಎತ್ತರ ಇರಲಿ. ಎತ್ತರವನ್ನು ಮಾತ್ರ ಅಳೆದೇ ಅಳೆಯಿರಿ. ಲೆಕ್ಕದಲ್ಲಿ ಅದರ ಘನ ಬರುತ್ತದೆ. 10% ತಪ್ಪಿದರೆ ಉತ್ತರ ಸುಮಾರು 30% ತಪ್ಪುತ್ತದೆ.

ಮೆತ್ತನೆಯ ಸಿಲಿಕೋನ್ ಪೈಪ್ ಬೇಡ, ಒತ್ತಡಕ್ಕೆ ಉಬ್ಬುತ್ತದೆ. ಟೆಫ್ಲಾನ್ ತಗೊಳ್ಳಿ. ರಬ್ಬರ್ ತುದಿಯ ಅಗ್ಗದ ಸಿರಿಂಜೂ ಬೇಡ. ಅದು ತಡೆತಡೆದು ತಳ್ಳುತ್ತದೆ, ಸೆನ್ಸರ್ ಬರೆಯುವ ಒತ್ತಡದ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ: ಗಾಳಿಗುಳ್ಳೆ. ಧಾರವಾಡದ ಒಂದು ಲ್ಯಾಬ್‌ನಲ್ಲಿ ಒಬ್ಬ ಹುಡುಗ ಇಡೀ ದಿನ ಕೂತು ಓದಿದ ಅಂಕಿಗಳೆಲ್ಲ ಒಂದು ಗುಳ್ಳೆಯಿಂದ ಹಾಳಾದವು. ಗುಳ್ಳೆ ಸ್ಪ್ರಿಂಗ್ ಇದ್ದಂತೆ. ಪಂಪ್ ತಳ್ಳಿದಾಗ ಕುಗ್ಗುತ್ತದೆ, ಆಮೇಲೆ ನಿಧಾನಕ್ಕೆ ಹಿಗ್ಗುತ್ತದೆ. ಒತ್ತಡ ಒಂದು ಅಂಕಿಯಲ್ಲಿ ನಿಲ್ಲುವುದೇ ಇಲ್ಲ. ಹಾಗಾಗಿ ದ್ರವವನ್ನು ಮೊದಲೇ ವ್ಯಾಕ್ಯೂಮ್‌ನಲ್ಲಿಟ್ಟು ಗಾಳಿ ತೆಗೆಯಿರಿ. ಒಣ ಚಿಪ್‌ಗೆ ಮೊದಲು ಎಥನಾಲ್ ಬಿಡಿ, ಅದು ಮೂಲೆಮೂಲೆಗೂ ಹತ್ತುತ್ತದೆ. ಆಮೇಲೆ ಗಾಳಿ ತೆಗೆದ ನೀರು, ಕೊನೆಗೆ ನಿಮ್ಮ ದ್ರವ. ಪೈಪ್ ಚುಚ್ಚುವಾಗ ಚಿಪ್‌ನ ತೂತಿನ ಮೇಲೂ ಪೈಪ್‌ನ ತುದಿಯಲ್ಲೂ ಒಂದೊಂದು ಹನಿ ನಿಂತಿರಬೇಕು. ಹನಿಗೆ ಹನಿ ಕೂಡಿದರೆ ಗಾಳಿಗೆ ಜಾಗ ಎಲ್ಲಿ, ಅಲ್ವಾ? ಆದರೂ ಗುಳ್ಳೆ ಉಳಿದರೆ ಹೊರದಾರಿ ಮುಚ್ಚಿ, ಮೆಲ್ಲಗೆ ಒತ್ತಡ ಕೊಟ್ಟು ಕಾಯಿರಿ. ಪಿಡಿಎಂಎಸ್ ಗೋಡೆ ಗಾಳಿಯನ್ನು ಹೊರಗೆ ಬಿಡುತ್ತದೆ. ಬೆರಳಿಂದ ತಟ್ಟಬೇಡಿ, ಒಂದು ಗುಳ್ಳೆ ನಾಲ್ಕಾಗುತ್ತದೆ.

ಮೊದಲ ಪರೀಕ್ಷೆ ನೀರಿನದೇ. ನಿಮಿಷಕ್ಕೆ 100 ಮೈಕ್ರೊಲೀಟರ್ ಹರಿಸಿದರೆ, 20 ಮಿ.ಮೀ. ಉದ್ದಕ್ಕೆ 20 ಡಿಗ್ರಿಯಲ್ಲಿ ಒತ್ತಡದಲ್ಲಿ ಸುಮಾರು 3.2 ಕಿಲೋಪಾಸ್ಕಲ್ ಇಳಿಕೆ ಬರಬೇಕು. 30 ಡಿಗ್ರಿಗೆ ಹೋದರೆ ಅದು 20% ಕಡಿಮೆ. ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಥರ್ಮಾಮೀಟರ್ ಪಕ್ಕದಲ್ಲಿಲ್ಲದೆ ಒಂದಂಕಿಯನ್ನೂ ಬರೆಯಬೇಡಿ.

ಆಮೇಲೆ ನಿಮ್ಮ ದ್ರವ. ಹರಿವು ಹಂತಹಂತವಾಗಿ ಏರಿಸಿ, ಪ್ರತಿ ಸಲ ಗೆರೆ ಸಮ ಆಗುವವರೆಗೆ ಕಾಯಿರಿ. ಹರಿವು ಎರಡು ಪಟ್ಟಾದರೂ ಒತ್ತಡ ಅಷ್ಟು ಏರದಿದ್ದರೆ ದ್ರವ ತೆಳುವಾಗುತ್ತಿದೆ ಅಂತ ಅರ್ಥ. ಸಾದಾ ಸೂತ್ರ ಸ್ನಿಗ್ಧತೆ ಬದಲಾಗುವುದಿಲ್ಲ ಅಂತ ಎಣಿಸುತ್ತದೆ, ಹಾಗಾಗಿ ಅಂಥದ್ದಕ್ಕೆ ಆ ಲೆಕ್ಕವನ್ನು ಸರಿಪಡಿಸುವ ವೈಸನ್‌ಬರ್ಗ್-ರಾಬಿನೋವಿಚ್ ತಿದ್ದುಪಡಿ ಮಾಡಲೇಬೇಕು. ಬಳಿಕ ಹರಿವನ್ನು ಇಳಿಸುತ್ತಾ ಬಂದು ಅವೇ ಅಂಕಿಗಳು ಸಿಗುತ್ತವಾ ನೋಡಿ.

ಮುಗಿದ ಕೂಡಲೇ ನೀರು ಹರಿಸಿ ತೊಳೆಯಿರಿ. ಅಂಟು ಒಳಗೇ ಒಣಗಿದರೆ ಹೊಸ ಚಿಪ್ ಮಾಡಬೇಕಾಗುತ್ತದೆ.