ಇಂಚಿನಿಂದ ಶುರು ಮಾಡಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ಮೇಲೆ ನಮ್ಮ ಸ್ತ್ರೀಶಕ್ತಿ ಸಂಘದ ಮೊದಲ ಸಭೆ ಸೇರಿದ್ದು ಸೋಮವಾರಪೇಟೆ ಕಡೆಯ ನಮ್ಮ ಮನೆಯ ಜಗಲಿಯಲ್ಲಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು; ಪ್ರಶ್ನೆ ಕೇಳುವುದೇನು ಮಹಾ ಎಂಬ ಜಂಬದಲ್ಲಿ "ನಿಮಗೆಲ್ಲ ಯಾವುದರ ಭಯ ಹೆಚ್ಚು?" ಎಂದೆ. ಹನ್ನೊಂದು ಜನ ನೆಲ ನೋಡಿದರು. ಒಬ್ಬರು ಸೆರಗಿನ ನೂಲು ಎಳೆಯತೊಡಗಿದರು. ಕೊನೆಗೆ ಪಕ್ಕದ ತೋಟದ ಅಕ್ಕ, ತಡೆಯಲಾರದೆ, "ನಿಮ್ಮಲ್ಲಿ ಎಷ್ಟು ಇಂಚು?" ಎಂದು ಕೇಳಿದರು. ಮಳೆಯ ಲೆಕ್ಕ ಅದು. ಅಲ್ಲಿಂದ ಕತ್ತಲಾಗುವವರೆಗೆ ಮಾತು ನಿಲ್ಲಲಿಲ್ಲ.

ಹಾಗಾಗಿ ಮಳೆ, ಗುಡ್ಡ ಕುಸಿತದ ಬಗ್ಗೆ ನೆರೆಯವರನ್ನು ಮಾತಿಗೆ ಕೂರಿಸುವಾಗ ಭಯದಿಂದ ಶುರು ಮಾಡಬೇಡಿ, ಇಂಚಿನಿಂದ ಮಾಡಿ. ಉತ್ತರ ಗೊತ್ತಿರುವ ಪ್ರಶ್ನೆಗೆ ಬಾಯಿ ತೆರೆದವರು ಮುಂದಿನದಕ್ಕೂ ತೆರೆಯುತ್ತಾರೆ.

ಆದರೆ ಆ ಪ್ರಶ್ನೆಯಲ್ಲೂ ಒಂದು ದೋಷವಿತ್ತು. ಮಳೆ ಅಳೆಯುವ ಮಾಪಕ ಇರುವುದು ತೋಟದ ಮಾಲೀಕರ ಮನೆಯಲ್ಲಿ. ಲೈನ್‌ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಬಂದ ಇಬ್ಬರು ಸುಮ್ಮನಿದ್ದುದು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ಸಭೆಯಲ್ಲಿ. ಆಮೇಲೆ ಪ್ರಶ್ನೆ ಬದಲಿಸಿದೆ: "ಮಳೆ ಜೋರಾಯಿತೆಂದು ನಿಮಗೆ ಯಾವ ಸದ್ದಿನಿಂದ ಗೊತ್ತಾಗುತ್ತದೆ?" ಅವರಲ್ಲೊಬ್ಬರು, "ಶೀಟಿನ ಸದ್ದಿಗೆ ನಾನು ಹೆದರುವುದಿಲ್ಲ ಟೀಚರೇ. ಸುರಿಯುವ ಮಳೆಯಲ್ಲಿ ತೋಡಿನ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮಕ್ಕಳನ್ನು ಎಬ್ಬಿಸುತ್ತೇನೆ" ಎಂದರು. ಮೇಲೆಲ್ಲೋ ಮಣ್ಣು ಕುಸಿದು ಹಳ್ಳದ ನೀರು ಕಟ್ಟಿಕೊಂಡಿರಬಹುದು ಎಂಬುದು ಅದರ ಅರ್ಥ. ಮಾಪಕ ಇಟ್ಟುಕೊಂಡ ಯಾರಿಗೂ ಅದು ಹೊಳೆದಿರಲಿಲ್ಲ.

ಕೈಗೆ ಕೆಲಸ ಕೊಡಿ. ನಾನು ಸುಟ್ಟ ಹಲಸಿನ ಬೀಜ ಇಡುತ್ತೇನೆ, ಜೊತೆಗೆ ಬೆಲ್ಲದ ಕಾಫಿ. ಸಿಪ್ಪೆ ಸುಲಿಯುವವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಕೇಳಿದ ಮೇಲೆ ಅರ್ಧ ಲೋಟ ಕಾಫಿ ಖಾಲಿಯಾಗುವಷ್ಟು ಹೊತ್ತು ಕಾಯಿರಿ. ಟೀಚರುಗಳಿಗೆ ಇದು ಬಹಳ ಕಷ್ಟ.

"ಯಾಕೆ" ಎಂದು ಕೇಳಬೇಡಿ. "ಯಾಕೆ ಅಲ್ಲೇ ಮನೆ ಕಟ್ಟಿದಿರಿ?" ಎಂಬುದು ಪ್ರಶ್ನೆಯಲ್ಲ, ದೂರು. "ಸರ್ಕಾರ ಏನು ಮಾಡಬೇಕು?" ಎಂದರೆ ಭಾಷಣ ಶುರುವಾಗುತ್ತದೆ, ಸಂಜೆ ಮುಗಿಯುತ್ತದೆ.

"ಹತ್ತು ನಿಮಿಷದಲ್ಲಿ ಹೊರಡಬೇಕೆಂದರೆ ಮೊದಲು ಯಾವುದಕ್ಕೆ ಕೈ ಹಾಕುತ್ತೀರಿ?" ಎಂದು ಕೇಳಿ. ನಮ್ಮಲ್ಲಿ ಒಬ್ಬರು ಪಹಣಿ ಎಂದರು, ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಎಂದರು. ಮತ್ತೊಬ್ಬರು "ಹಸುವಿನ ಹಗ್ಗ ಬಿಚ್ಚುತ್ತೇನೆ" ಎಂದದ್ದೇ, ನಾವು ಮಡಿಕೇರಿಗೆ ಹೋದ ದಿನ ನಮ್ಮ ಹಸುವಿನ ಹಗ್ಗ ಬಿಚ್ಚುವವರು ಯಾರು ಎಂಬ ಮಾತು ಬಂದು, ಅಲ್ಲೇ ಮನೆಮನೆಗೂ ಒಬ್ಬೊಬ್ಬರನ್ನು ಗೊತ್ತುಮಾಡಿದೆವು.

"ಕಾಫಿಗೆ ಬೆಲೆ ಇಲ್ಲದ ವರ್ಷ ಮೊದಲು ಯಾವ ಖರ್ಚು ಕಡಿಮೆ ಮಾಡಿದಿರಿ?" ಒಳ್ಳೆಯ ಪ್ರಶ್ನೆಯೇ, ಆದರೆ ಅವಸರ ಬೇಡ. "ಆಳು ಕಡಿಮೆ ಮಾಡಿದೆವು" ಎಂದು ಮಾಲೀಕರು ಹೇಳುವಾಗ ಆ ಆಳೇ ಪಕ್ಕದಲ್ಲಿ ಬೀಜ ಸುಲಿಯುತ್ತಿರಬಹುದು. ನಾನು ಎರಡು ಮಳೆಗಾಲ ಕಾದು ಕೇಳಿದೆ; ಆದರೂ ಒಬ್ಬರು ಲೋಟ ಇಟ್ಟು ಎದ್ದುಹೋದರು. ಮುಂದಿನ ತಿಂಗಳು ಬಂದರು.

ಏಳುವ ಮುನ್ನ ಒಂದು: "ಇವತ್ತು ರಾತ್ರಿ ಕರೆಂಟೂ ಇಲ್ಲ, ಫೋನೂ ಇಲ್ಲ ಎಂದಾದರೆ ಯಾರ ಬಾಗಿಲು ತಟ್ಟುತ್ತೀರಿ?" ಹೆಸರು ಹೇಳಿಸಿ. ಕಾಲುದಾರಿಯ ತುದಿಯಲ್ಲಿ ಒಂಟಿಯಾಗಿರುವ ಅಜ್ಜಿಯ ಹೆಸರು ಒಮ್ಮೆ ಯಾರ ಬಾಯಲ್ಲೂ ಬರಲಿಲ್ಲ. ಈಗ ಮಳೆ ಬಿಡದ ಸಂಜೆ ಲೈನ್‌ಮನೆಯ ಆಕೆ ಟಾರ್ಚ್ ಹಿಡಿದು ಅತ್ತ ಹೋಗಿಬರುತ್ತಾರೆ. ಅಜ್ಜಿ ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಕೇಳುತ್ತಾರಂತೆ, ಎಷ್ಟು ಇಂಚು ಎಂದು.