ಸಮಾಧಾನಕ್ಕೆ ಮೊದಲು ದೂರು

ಕಾರವಾರದ ಶಾಲೆಯೊಂದರಲ್ಲಿ ನಾನು ಅತಿಥಿ ಶಿಕ್ಷಕಿ. ಮಳೆಗಾಲಕ್ಕೆ ಸೇರುವುದು, ಬೇಸಿಗೆ ರಜೆಗೆ ಮುಗಿಯುವುದು. ಕಾಯಂ ಕೆಲಸಕ್ಕೆ ಪರೀಕ್ಷೆ ಬರೆದೆ, ಕಾದೆ, ಮತ್ತೆ ಬರೆದೆ. ಕೊನೆಗೆ ವಯಸ್ಸಿನ ಮಿತಿ ದಾಟಿತು. ಅದೇ ವರ್ಷ ನಿಶ್ಚಯವಾಗಿದ್ದ ಮದುವೆಯೂ ಮುರಿಯಿತು. ಮನೆಯಲ್ಲಿ ಸಾವು ಆಗಿರಲಿಲ್ಲ, ಸಾಲಗಾರರು ಬಾಗಿಲಿಗೆ ಬಂದಿರಲಿಲ್ಲ. ಹಾಗಾಗಿ ನನ್ನ ದುಃಖವನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. "ಎಲ್ಲಾ ಒಳ್ಳೆಯದಕ್ಕೇ ಆಗ್ತದೆ, ಪ್ರಾರ್ಥನೆ ಮಾಡು" ಅಂದರು. ನೊಂದವರಿಗೆ ಈ ಮಾತು ಹೇಳಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಪ್ರಾರ್ಥನೆಯನ್ನಂತೂ ಬಿಟ್ಟಿರಲಿಲ್ಲ. ಡಿಸೆಂಬರ್ 3ರಂದು ನಮ್ಮ ಜಿಲ್ಲೆಯ ಚಂದಾವರದ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಎಲ್ಲ ಧರ್ಮದವರೂ ಬರುವ ಆ ಗರ್ದಿಯಲ್ಲಿ ನಿಂತು ಮೇಣದಬತ್ತಿ ಹಚ್ಚಿ ಬೇಡಿಕೊಂಡು ಬಂದಿದ್ದೆ. ಮನೆಯಲ್ಲಿ ರಾತ್ರಿಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ತಪ್ಪುತ್ತಿರಲಿಲ್ಲ. ಆದರೆ ಬಾಯಿ "ನಮೋ ಮರಿಯ" ಹೇಳುವಾಗ ಒಳಗೆ ಸಿಟ್ಟು ಕುದಿಯುತ್ತಿತ್ತು.

ದಾರಿ ತೋರಿಸಿದವರು ಕಾನ್ವೆಂಟಿನ ಒಬ್ಬ ಸಿಸ್ಟರ್. ಉಪದೇಶ ಮಾಡಲಿಲ್ಲ. "ಶುಕ್ರವಾರ ರಾತ್ರಿ ಮಲಗೋ ಮೊದಲು ನಾವು ಬೈಬಲಿನ 88ನೇ ಕೀರ್ತನೆ ಹೇಳ್ತೇವೆ. ಒಮ್ಮೆ ಓದಿ ನೋಡಮ್ಮ" ಅಂದರು, ಅಷ್ಟೇ.

ಓದಿ ದಂಗಾದೆ. ಅದರಲ್ಲಿ ಸಮಾಧಾನದ ಮಾತೇ ಇಲ್ಲ. ಕೂಗುತ್ತಿದ್ದೇನೆ, ನೀನು ಮುಖ ಮರೆಸಿಕೊಂಡೆ, ಗೆಳೆಯರನ್ನೂ ದೂರ ಮಾಡಿದೆ ಅನ್ನುತ್ತಾ ಕತ್ತಲಲ್ಲೇ ಮುಗಿಯುತ್ತದೆ. ಹಾಗಿದ್ದರೂ ಅದು ಪ್ರಾರ್ಥನೆಯೇ. ಅಷ್ಟು ಸಿಟ್ಟಿನಲ್ಲೂ ಆ ಮನುಷ್ಯ ದೇವರ ಹತ್ತಿರವೇ ಮಾತಾಡುತ್ತಿದ್ದಾನೆ. ಆಮೇಲೆ ನೋಡಿದರೆ, 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಂಥ ಅಳಲೇ. ಚಿಕ್ಕಂದಿನಿಂದ ಸ್ತುತಿಯ ಕೀರ್ತನೆಗಳನ್ನೇ ಹಾಡಿ ಬೆಳೆದ ನನಗೆ ಇದು ಹೊಸದು.

ಅವತ್ತಿನಿಂದ ತೇರ್ಸ್ ಮುಗಿದ ಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆಯ ಆಲ್ತಾರಿನ (ಪ್ರಾರ್ಥನಾ ಪೀಠದ) ಮುಂದೆ ಕೂತೆ. ಹೊರಗೆ ಮಳೆ, ಕರೆಂಟು ಬಹಳ ಸಲ ಇರುತ್ತಿರಲಿಲ್ಲ. ಒಂದು ಅಳಲಿನ ಕೀರ್ತನೆಯನ್ನು ಕಿವಿಗೆ ಕೇಳುವ ಹಾಗೆ ನಿಧಾನಕ್ಕೆ ಓದುವುದು. ಬೈಬಲ್ ಮುಚ್ಚಿ ನನ್ನ ಮಾತಲ್ಲಿ ಬರೆಯುವುದು. ದೇವರ ಬಗ್ಗೆ ಬರೆಯುವಂತಿಲ್ಲ, "ನೀನು" ಅಂತ ದೇವರಿಗೇ ಬರೆಯಬೇಕು. "ಜೀವನ ಕಷ್ಟ" ಅಂತ ಸುಮ್ನೆ ಬರೆದರೆ ಸಾಲದು, ಅವತ್ತು ಚುಚ್ಚಿದ್ದು ಏನೋ ಅದನ್ನೇ ಬರೆಯಬೇಕು. ಒಂದು ರಾತ್ರಿಯ ಪುಟ ಹೀಗಿದೆ: "ಸ್ವಾಮಿ, ನನಗಿಂತ ಚಿಕ್ಕವಳಿಗೆ ಆರ್ಡರ್ ಬಂತು. ಪೇಡೆ ಕೊಟ್ಟಳು. ಗಂಟಲಲ್ಲಿ ಇಳಿಯಲಿಲ್ಲ. ನೀನು ನೋಡುತ್ತಾ ಇದ್ದೆ, ಅಲ್ವಾ?"

ಕೊನೆಗೆ ಒಂದು ಬೇಡಿಕೆ, ಒಂದು ಕೃತಜ್ಞತೆ. ಇದು ಸಂತ ಪೌಲರಿಂದ ಕಲಿತದ್ದು. ಚಿಂತೆ ಬಿಟ್ಟು, ಕೃತಜ್ಞತೆಯೊಂದಿಗೆ ದೇವರಲ್ಲಿ ಕೇಳಿಕೊಳ್ಳಿ ಅಂತ ಅವರು ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಪತ್ರ ಬರೆದಾಗ ಸ್ವತಃ ಸೆರೆಯಲ್ಲಿದ್ದರು. ಆರಾಮವಾಗಿ ಕೂತವರು ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವೇನೋ. ಕೃತಜ್ಞತೆ ದೊಡ್ಡದೇ ಆಗಬೇಕು ಅಂತಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ದುಬಾರಿ. ಆಗ ಪಕ್ಕದ ಮನೆಯ ಅಕ್ಕ ಕಾಳಿ ಹೊಳೆಯ ಮೀನಿನ ಸಾರು ಕೊಟ್ಟದ್ದನ್ನೂ ಬರೆದಿದ್ದೇನೆ.

ಮಂಗಳವಾರ, ಶುಕ್ರವಾರದ ತೇರ್ಸ್‌ನಲ್ಲಿ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆಯ ಘಟನೆಗಳ ಧ್ಯಾನ. ಮೊದಲನೆಯದು ಗೆತ್ಸೆಮನಿ ತೋಟ. ಸಾವಿನ ಹಿಂದಿನ ರಾತ್ರಿ ಅಲ್ಲಿ ಯೇಸು, ಈ ಕಷ್ಟದ ಪಾತ್ರೆ ನನ್ನಿಂದ ಸರಿಯಲಿ ಅಂತ, ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಅಂತ ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ವಿಶ್ವಾಸ ಕಡಿಮೆ ಅಂತಲ್ಲ ಅನ್ನುವುದು ನನಗೆ ಅಲ್ಲಿ ತಿಳಿಯಿತು. ಆ ಕಷ್ಟದ ಪಾತ್ರೆ ಅವರ ಮುಂದಿನಿಂದ ಸರಿಯಲಿಲ್ಲ. ಆದರೆ ನೆಲಕ್ಕೆ ಬಿದ್ದು ಬೇಡಿದವರೇ "ಏಳಿ, ಹೋಗೋಣ" ಅನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಈ ಎದ್ದು ನಿಲ್ಲುವ ಶಕ್ತಿ. ಅದು ಕೇಳಿದ್ದು ಸಿಕ್ಕ ಮೇಲೆ ಬರುವಂಥದ್ದಲ್ಲ. ಸಿಗದೇ ಇರುವಾಗಲೇ ಬರುತ್ತದೆ.

ನನಗೂ ಬಂತು, ನಿಧಾನಕ್ಕೆ. ಮೊದಲು ನಿದ್ದೆ ಸರಿಯಾಯಿತು. ಆಮೇಲೆ ನೋಟ್‌ಬುಕ್ಕಿನಲ್ಲಿ ದೂರು ಚಿಕ್ಕದಾಗಿ ಕೃತಜ್ಞತೆ ಉದ್ದವಾಗತೊಡಗಿತು. ಮುಂದೊಂದು ದಿನ ಸ್ಟಾಫ್ ರೂಮಿನಲ್ಲಿ ಇನ್ನೊಬ್ಬರ ಪೇಡೆ ಬಂತು. ತಿಂದೆ, ಅಭಿನಂದನೆ ಹೇಳಿದೆ. ಅವತ್ತು ರಾತ್ರಿ ಅದರ ಬಗ್ಗೆ ಬರೆಯಲು ಏನೂ ಇರಲಿಲ್ಲ. ನಾನು ಈಗಲೂ ಅತಿಥಿ ಶಿಕ್ಷಕಿಯೇ. ಬೇಜಾರು ಬರುತ್ತದೆ, ಬರೆಯುತ್ತೇನೆ.

ವಾರಗಟ್ಟಲೆ ಊಟ ನಿದ್ದೆ ಬಿಟ್ಟವರು, ಬದುಕೇ ಬೇಡ ಅನ್ನಿಸುವವರು ಡಾಕ್ಟರ ಹತ್ತಿರ ಹೋಗಲೇಬೇಕು. ಅದು ವಿಶ್ವಾಸಕ್ಕೆ ಕುಂದಲ್ಲ. ಈ ಬರೆಯುವ ಪ್ರಾರ್ಥನೆಯನ್ನು ಮಾಡಿ ನೋಡುವವರು 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ. "ಇನ್ನೆಷ್ಟು ಕಾಲ" ಅಂತ ನಾಲ್ಕು ಸಲ ಕೇಳಿ, ಕೊನೆಗೆ ಹಾಡಿಗೆ ಬರುತ್ತದೆ. 88ನ್ನು ಮೊದಲ ಸಲ ಓದುವಾಗ ಮಾತ್ರ ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ.